ಕಡಲಾಚೆಯ ಜಾಲದಲ್ಲಿ ಊರಿನ ಫೋನು
ಬೀಗವಿಲ್ಲದ ಮೊಬೈಲನ್ನು ವಿದೇಶೀ ಸೇವಾಸಂಸ್ಥೆಯ ಸಿಮ್ಮಿಗೆ ಹೊಂದಿಸಿಕೊಳ್ಳುವ ಕ್ರಮ

ಉದ್ಯೋಗಕ್ಕಾಗಿಯೋ ವ್ಯಾಸಂಗಕ್ಕಾಗಿಯೋ ಪರದೇಶಕ್ಕೆ ಹೊರಡುವವರ ಕೈಚೀಲದಲ್ಲಿ ಪಾಸ್‌ಪೋರ್ಟು, ವೀಸಾ, ಕರಾರುಪತ್ರ ಇವುಗಳೊಡನೆ ಮೊಬೈಲ್ ಫೋನೂ ಒಂದು ಅವಶ್ಯ ವಸ್ತುವಾಗಿ ಸೇರಿಕೊಂಡಿದೆ. ಮನೆಯವರೊಡನೆ ಮಾತು, ಬ್ಯಾಂಕಿನ ವ್ಯವಹಾರ, ಉದ್ಯೋಗದಾತನ ಸೂಚನೆ, ಆಪತ್ತಿನಲ್ಲಿ ನೆರವು ಇವೆಲ್ಲವೂ ಆ ಒಂದು ಸಾಧನವನ್ನೇ ಅವಲಂಬಿಸಿವೆ. ಹೀಗಿದ್ದರೂ ಪಾಸ್‌ಪೋರ್ಟನ್ನು ಹತ್ತು ಬಾರಿ ತೆರೆದು ನೋಡುವವರು ತಮ್ಮ ಫೋನು ಆ ದೇಶದಲ್ಲಿ ಕೆಲಸ ಮಾಡುವುದೇ ಎಂಬುದನ್ನು ಒಮ್ಮೆಯಾದರೂ ಪರೀಕ್ಷಿಸುವುದು ವಿರಳ. ವಿಮಾನದಿಂದ ಇಳಿದ ಮೇಲೆ ‘ಸೇವೆ ಇಲ್ಲ’ ಎಂಬ ಎರಡು ಪದಗಳು ಪರದೆಯ ಮೇಲೆ ಮೂಡಿದಾಗಲಷ್ಟೇ ಆ ಪ್ರಶ್ನೆ ಎದುರಾಗುತ್ತದೆ.

ವಿಷಯವನ್ನು ಸ್ಪಷ್ಟಪಡಿಸಲು ಒಂದು ಊರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಗಂಗಾಪುರವೆಂದೊಡನೆ ಕನ್ನಡಿಗರ ನೆನಪಿಗೆ ಬರುವುದು ಭೀಮಾತೀರದ ದತ್ತಕ್ಷೇತ್ರವಾದ ಗಾಣಗಾಪುರ. ಆದರೆ ಇಲ್ಲಿ ಪ್ರಸ್ತಾಪಿಸಿರುವುದು ಮಹಾರಾಷ್ಟ್ರದ ಗಂಗಾಪುರವನ್ನು. ಗೋದಾವರಿಯ ಸೀಮೆಯಲ್ಲಿ ಈ ಹೆಸರಿನ ಎರಡು ಸ್ಥಳಗಳು ಪ್ರಸಿದ್ಧವಾಗಿವೆ. ನಾಸಿಕದ ಸಮೀಪದಲ್ಲಿರುವುದು ಅಣೆಕಟ್ಟಿನಿಂದ ಹೆಸರಾದುದು. ಮತ್ತೊಂದು, 2023ರವರೆಗೆ ಔರಂಗಾಬಾದ್ ಎನಿಸಿಕೊಂಡಿದ್ದ ಛತ್ರಪತಿ ಸಂಭಾಜಿನಗರ ಜಿಲ್ಲೆಯ ತಾಲ್ಲೂಕು ಕೇಂದ್ರ. ವಾಳೂಜ್ ಕೈಗಾರಿಕಾ ಪ್ರದೇಶವು ಈ ಎರಡನೆಯ ಗಂಗಾಪುರದ ತಾಲ್ಲೂಕಿಗೆ ಸೇರಿದೆ. ಬೀದರ, ಕಲಬುರಗಿ, ರಾಯಚೂರುಗಳೂ ಮರಾಠವಾಡವೂ 1956ರವರೆಗೆ ಒಂದೇ ಹೈದರಾಬಾದ್ ರಾಜ್ಯದಲ್ಲಿ ಇದ್ದುದರಿಂದ ಈ ಭಾಗಗಳ ನಡುವೆ ಕೆಲಸಕ್ಕೂ ನೆಂಟಸ್ತಿಕೆಗೂ ಜನರ ಓಡಾಟ ಹೊಸದೇನಲ್ಲ. ಬೀದರದ ಕಡೆಯಿಂದ ಬಂದು ವಾಳೂಜಿನಲ್ಲಿ ನೆಲೆಸಿದ ಒಂದು ಕುಟುಂಬದ ಯುವಕನು ಯಂತ್ರಗಾರನ ಕೆಲಸಕ್ಕೆ ದುಬೈಗೆ ಹೊರಟಿದ್ದಾನೆಂದು ಭಾವಿಸಿಕೊಳ್ಳಬಹುದು. ಗಂಗಾಪುರದ ಅಂಗಡಿಯಲ್ಲಿ ಕೊಂಡ ಫೋನು ಅವನ ಕೈಯಲ್ಲಿದೆ. ಅದು ಅಲ್ಲಿ ಮಾತನಾಡಬೇಕಾದರೆ ಏನೇನು ಕೂಡಿಬರಬೇಕು?

ಬೀಗ ಎಂದರೇನು

ಕೆಲವು ದೇಶಗಳಲ್ಲಿ ಸೇವಾಸಂಸ್ಥೆಗಳು ಫೋನನ್ನು ಕಡಿಮೆ ಬೆಲೆಗೆ ಅಥವಾ ಕಂತಿನ ಮೇಲೆ ಕೊಟ್ಟು, ಗ್ರಾಹಕನು ಬೇರೆ ಸಂಸ್ಥೆಗೆ ಹೋಗದಂತೆ ಅದರ ತಂತ್ರಾಂಶದಲ್ಲಿ ಒಂದು ನಿರ್ಬಂಧವನ್ನು ಅಳವಡಿಸುತ್ತವೆ. ಇದನ್ನು ಸಿಮ್ ಲಾಕ್ ಅಥವಾ ಬೀಗ ಎನ್ನುತ್ತಾರೆ. ಇಂತಹ ಫೋನಿಗೆ ಬೇರೆ ಸಂಸ್ಥೆಯ ಸಿಮ್ ಹಾಕಿದರೆ ಅದು ಸ್ವೀಕರಿಸುವುದಿಲ್ಲ. ಬೀಗವಿಲ್ಲದ ಫೋನು, ಅಂದರೆ ಬಳಕೆಯ ಮಾತಿನ ‘ಅನ್‌ಲಾಕ್ಡ್’ ಫೋನು, ಯಾವ ಸಂಸ್ಥೆಯ ಸಿಮ್ಮನ್ನಾದರೂ ಓದಲು ಒಪ್ಪುತ್ತದೆ.

ಭಾರತದಲ್ಲಿ ಫೋನು ಮತ್ತು ಸಿಮ್‌ಗಳನ್ನು ಬೇರೆ ಬೇರೆಯಾಗಿ ಕೊಳ್ಳುವ ಪದ್ಧತಿಯೇ ಮೊದಲಿನಿಂದಲೂ ಪ್ರಧಾನವಾಗಿದೆ. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್‌ರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕರೆಯನ್ನು ಮಾಡಿದ ದಿನದಿಂದ ಈ ಪದ್ಧತಿ ಬೆಳೆದು ಬಂದಿದೆ. ಅಪವಾದಗಳು ಇಲ್ಲದಿಲ್ಲ. 2003ರ ಸುಮಾರಿಗೆ ರಿಲಯನ್ಸ್ ಸಂಸ್ಥೆಯು ಕಂತಿನ ಮೇಲೆ ಹಂಚಿದ ಸಿಡಿಎಂಎ ಫೋನುಗಳು ಆ ಸಂಸ್ಥೆಗೇ ಬದ್ಧವಾಗಿದ್ದವು. 2017ರಲ್ಲಿ ಬಂದ ಜಿಯೋಫೋನು ಕೂಡ ಹಾಗೆಯೇ. ಇವನ್ನು ಬಿಟ್ಟರೆ ನಮ್ಮ ಅಂಗಡಿಗಳಲ್ಲಿ ದೊರೆಯುವ ಸ್ಮಾರ್ಟ್‌ಫೋನುಗಳಲ್ಲಿ ಬಹುಪಾಲು ಬೀಗವಿಲ್ಲದವು. ಹೊರದೇಶಗಳಲ್ಲಿಯೂ ಕಾನೂನು ಇದೇ ದಿಕ್ಕಿಗೆ ಹೊರಳಿದೆ. ಕೆನಡಾ ದೇಶವು 2017ರ ಡಿಸೆಂಬರಿನಿಂದಲೂ, ಜಪಾನ್ 2021ರ ಅಕ್ಟೋಬರಿನಿಂದಲೂ, ಬ್ರಿಟನ್ ಅದೇ ವರ್ಷದ ಡಿಸೆಂಬರಿನಿಂದಲೂ ಬೀಗ ಹಾಕಿದ ಫೋನುಗಳ ಮಾರಾಟವನ್ನು ನಿಲ್ಲಿಸಿವೆ. ಅಮೆರಿಕದಲ್ಲಿ ಮಾತ್ರ ಕರಾರಿನ ಅವಧಿ ಮುಗಿಯುವವರೆಗೆ ಬೀಗ ಹಾಕುವ ಪದ್ಧತಿ ಉಳಿದುಕೊಂಡಿದೆ.

ಬೀಗವಿದೆಯೇ ಇಲ್ಲವೇ ಎಂದು ತಿಳಿಯುವುದು ಸುಲಭ. ಬೇರೊಂದು ಸಂಸ್ಥೆಯ ಸಿಮ್ಮನ್ನು ಹಾಕಿ ಒಂದು ಕರೆ ಮಾಡಿ ನೋಡಿದರೆ ಸಾಕು. ಐಫೋನುಗಳಲ್ಲಿ ‘ಅಬೌಟ್’ ಎಂಬ ಪುಟದಲ್ಲಿ ಸಿಮ್ ನಿರ್ಬಂಧವಿಲ್ಲವೆಂಬ ಒಕ್ಕಣೆ ಕಾಣುತ್ತದೆ.

ಇಲ್ಲಿ ಎರಡು ಸಂಗತಿಗಳನ್ನು ಬೀಗದೊಡನೆ ಬೆರೆಸಿ ಗೊಂದಲಕ್ಕೆ ಒಳಗಾಗುವುದುಂಟು. ಸಾಲದ ಕಂತಿನ ಮೇಲೆ ಕೊಂಡ ಕೆಲವು ಫೋನುಗಳಲ್ಲಿ ಸಾಲ ನೀಡಿದ ಸಂಸ್ಥೆಯ ತಂತ್ರಾಂಶವಿದ್ದು, ಕಂತು ತಪ್ಪಿದರೆ ಫೋನು ಮುಚ್ಚಿಕೊಳ್ಳುತ್ತದೆ. ಇದು ಸಿಮ್ಮಿನ ಬೀಗವಲ್ಲ. ಆದರೆ ಪರದೇಶಕ್ಕೆ ಹೋದವನ ಮೊದಲ ಸಂಬಳ ತಡವಾಗಿ, ಊರಿನ ಕಂತು ತಪ್ಪಿದಾಗ ಅವನ ಪಾಲಿಗೆ ಪರಿಣಾಮ ಒಂದೇ. ಹೊರಡುವ ಮುನ್ನ ಕಂತುಗಳನ್ನು ತೀರಿಸಿ, ತೀರಿಕೆಯ ಪತ್ರವನ್ನು ಪಡೆದಿರುವುದು ಕ್ಷೇಮ. ಎರಡನೆಯದು ಪ್ರದೇಶದ ನಿರ್ಬಂಧ. ಕೆಲವು ತಯಾರಕರ ಫೋನುಗಳನ್ನು ಮಾರಾಟವಾದ ಪ್ರದೇಶದ ಸಿಮ್ಮಿನಿಂದಲೇ ಮೊದಲು ಚಾಲನೆ ಮಾಡಿ ಒಟ್ಟು ಐದು ನಿಮಿಷಗಳಿಗಿಂತ ಹೆಚ್ಚು ಕಾಲ ಮಾತನಾಡಬೇಕು; ಆ ಬಳಿಕವಷ್ಟೇ ಬೇರೆ ದೇಶದ ಸಿಮ್ಮನ್ನು ಅವು ಸ್ವೀಕರಿಸುತ್ತವೆ. ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಈ ಸೂಚನೆ ಇರುತ್ತದೆ. ಹೊಸ ಫೋನನ್ನು ಪ್ರಯಾಣದ ಹಿಂದಿನ ದಿನ ಕೊಂಡು, ಮೊಹರು ಒಡೆಯದೆ ಪೆಟ್ಟಿಗೆಯಲ್ಲಿಯೇ ಒಯ್ಯುವ ನಮ್ಮ ಜನರ ಅಭ್ಯಾಸ ಇಲ್ಲಿ ತೊಂದರೆ ಕೊಡುತ್ತದೆ. ಊರಿನ ಸಿಮ್ ಹಾಕಿ ಬಂಧುಗಳೊಡನೆ ಹತ್ತು ನಿಮಿಷ ಮಾತನಾಡಿ ಹೊರಟರೆ ಈ ತೊಡಕೇ ಇರುವುದಿಲ್ಲ.

ಬೀಗ ತೆರೆಸಲು ದಾರಿಬದಿಯ ದುರಸ್ತಿ ಅಂಗಡಿಗೆ ಫೋನನ್ನು ಒಪ್ಪಿಸುವುದು ಸರಿಯಲ್ಲ. ಬೀಗ ತೆಗೆಯುವ ಅಧಿಕಾರವಿರುವುದು ಅದನ್ನು ಹಾಕಿದ ಸಂಸ್ಥೆಗೆ. ಅಂಗಡಿಯವನು ಕೆಲವೊಮ್ಮೆ ಫೋನಿನ ಗುರುತಿನ ಸಂಖ್ಯೆಯನ್ನೇ ಬದಲಿಸಿಬಿಡುತ್ತಾನೆ. ಐಎಂಇಐ ಎಂಬ ಈ 15 ಅಂಕಿಗಳ ಸಂಖ್ಯೆಯನ್ನು ತಿದ್ದುವುದು 2023ರ ದೂರಸಂಪರ್ಕ ಅಧಿನಿಯಮದ ಮೇರೆಗೆ ಮೂರು ವರ್ಷಗಳವರೆಗಿನ ಸೆರೆವಾಸ ಅಥವಾ 50 ಲಕ್ಷ ರೂಪಾಯಿಗಳವರೆಗಿನ ದಂಡ, ಅಥವಾ ಎರಡಕ್ಕೂ ಗುರಿಪಡಿಸಬಹುದಾದ ಅಪರಾಧ.

ಹಳಿಯ ಅಳತೆ, ತರಂಗದ ಅಳತೆ

ಬೀಗವಿಲ್ಲದ ಫೋನು ಎಲ್ಲೆಡೆಯೂ ನಡೆಯುತ್ತದೆ ಎಂಬುದು ಪ್ರಚಲಿತವಾದ ತಪ್ಪು ತಿಳಿವಳಿಕೆ. ಇದನ್ನು ವಿವರಿಸಲು ಗಂಗಾಪುರ ತಾಲ್ಲೂಕಿನಲ್ಲಿಯೇ ಒಂದು ದೃಷ್ಟಾಂತ ದೊರೆಯುತ್ತದೆ. ಆ ತಾಲ್ಲೂಕಿನ ಲಾಸೂರ್ ನಿಲ್ದಾಣದ ಮೂಲಕ ಹಾಯುವ ಮನಮಾಡ–ಸಿಕಂದರಾಬಾದ್ ರೈಲುಮಾರ್ಗವು ನಿಜಾಮರ ಆಡಳಿತದ ಕಾಲದಲ್ಲಿ ಮೀಟರ್ ಗೇಜಿನಲ್ಲಿ ನಿರ್ಮಾಣವಾಯಿತು. ಮುಂಬಯಿಯ ಕಡೆಗೆ ಹೋಗುವ ಮಾರ್ಗವಾದರೋ ಬ್ರಾಡ್ ಗೇಜ್. ಒಂದರ ಹಳಿಗಳ ಅಂತರ 1000 ಮಿಲಿಮೀಟರ್, ಇನ್ನೊಂದರದು 1676 ಮಿಲಿಮೀಟರ್. 1990ರ ದಶಕದಲ್ಲಿ ಗೇಜ್ ಪರಿವರ್ತನೆಯಾಗುವವರೆಗೆ ಪ್ರಯಾಣಿಕರು ಗಂಟುಮೂಟೆಗಳೊಡನೆ ಮನಮಾಡದಲ್ಲಿ ಇಳಿದು ಗಾಡಿ ಬದಲಿಸಬೇಕಾಗಿತ್ತು. ಗಾಡಿಗೆ ಯಾರೂ ಬೀಗ ಹಾಕಿರಲಿಲ್ಲ. ಚಕ್ರಗಳ ನಡುವಣ ಅಳತೆ ಹಳಿಗೆ ಕೂಡುತ್ತಿರಲಿಲ್ಲ, ಅಷ್ಟೇ.

ಮೊಬೈಲಿನ ಮಾತೂ ಇದೇ. ಗೋಪುರಕ್ಕೂ ಫೋನಿಗೂ ನಡುವೆ ಸಾಗುವ ರೇಡಿಯೊ ತರಂಗಗಳಿಗೆ ಪ್ರತಿಯೊಂದು ದೇಶವೂ ಕೆಲವು ಆವರ್ತನಗಳನ್ನು ನಿಗದಿಮಾಡಿದೆ. ಇವುಗಳಿಗೆ ಬ್ಯಾಂಡ್ ಎಂದೂ, ಪ್ರತಿಯೊಂದಕ್ಕೆ ಒಂದು ಸಂಖ್ಯೆಯೆಂದೂ ಅಂತರರಾಷ್ಟ್ರೀಯ ರೂಢಿಯಿದೆ. ಭಾರತದ 4ಜಿ ಸೇವೆಯಲ್ಲಿ 1800 ಮೆಗಾಹರ್ಟ್ಸ್‌ನ 3ನೆಯ ಬ್ಯಾಂಡ್, 850ರ 5ನೆಯದು, 900ರ 8ನೆಯದು, 2300ರ 40ನೆಯದು ಹೆಚ್ಚಾಗಿ ಬಳಕೆಯಲ್ಲಿವೆ. 2025ರ ಸೆಪ್ಟೆಂಬರ್ 27ರಂದು ಲೋಕಾರ್ಪಣೆಗೊಂಡ ಭಾರತ ಸಂಚಾರ ನಿಗಮದ ಸ್ವದೇಶೀ 4ಜಿ ಜಾಲವು 700 ಮೆಗಾಹರ್ಟ್ಸ್‌ನ 28ನೆಯ ಬ್ಯಾಂಡನ್ನೂ 2100ರ 1ನೆಯ ಬ್ಯಾಂಡನ್ನೂ ಅವಲಂಬಿಸಿದೆ. ಅಮೆರಿಕದಲ್ಲಿ 2, 4, 12, 13, 66 ಮತ್ತು 71ನೆಯ ಬ್ಯಾಂಡುಗಳು ಮುಖ್ಯವಾದವು. ಭಾರತದ ಮಾರುಕಟ್ಟೆಗೆಂದು ತಯಾರಾದ ಅಗ್ಗದ ಫೋನುಗಳಲ್ಲಿ ಇವುಗಳಲ್ಲಿ ಹಲವು ಇರುವುದಿಲ್ಲ. ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ 1800 ಮೆಗಾಹರ್ಟ್ಸ್ ಬಳಕೆಯಲ್ಲಿರುವುದರಿಂದ ವಾಳೂಜಿನ ಯುವಕನ ಫೋನು ನಗರದೊಳಗೆ ಸಾಮಾನ್ಯವಾಗಿ ಕೆಲಸ ಮಾಡುತ್ತದೆ. ಆದರೆ 800 ಮೆಗಾಹರ್ಟ್ಸ್‌ನ 20ನೆಯ ಬ್ಯಾಂಡ್ ಅದರಲ್ಲಿ ಇಲ್ಲದಿದ್ದರೆ ಮರಳುಗಾಡಿನ ಕಾಮಗಾರಿ ಸ್ಥಳಗಳಲ್ಲಿಯೂ ದಪ್ಪ ಗೋಡೆಗಳ ಒಳಗೂ ಸಂಕೇತ ಕುಗ್ಗಬಹುದು. ಕಡಿಮೆ ಆವರ್ತನದ ತರಂಗ ದೂರ ಸಾಗುತ್ತದೆ, ಗೋಡೆಯನ್ನೂ ಹಾಯುತ್ತದೆ. ಹೆಚ್ಚಿನ ಆವರ್ತನದ್ದು ಹೆಚ್ಚು ಮಾಹಿತಿಯನ್ನು ಹೊರುತ್ತದೆಯಾದರೂ ಬೇಗ ದಣಿಯುತ್ತದೆ.

ಆದುದರಿಂದ ಫೋನಿನ ಪೆಟ್ಟಿಗೆಯ ಮೇಲೆ ಇರುವ ಮಾದರಿ ಸಂಖ್ಯೆಯನ್ನು ಗುರುತಿಸಿಕೊಂಡು, ತಯಾರಕರು ಪ್ರಕಟಿಸಿರುವ ಬ್ಯಾಂಡುಗಳ ಪಟ್ಟಿಯನ್ನು ಹೋಗಬೇಕಾದ ದೇಶದ ಸೇವಾಸಂಸ್ಥೆಯ ಪಟ್ಟಿಯೊಡನೆ ಹೋಲಿಸಿ ನೋಡತಕ್ಕದ್ದು. ಹೆಸರು ಒಂದೇ ಇದ್ದರೂ ಬೇರೆ ಬೇರೆ ದೇಶಗಳಿಗೆ ಬೇರೆ ಬೇರೆ ಮಾದರಿಗಳು ತಯಾರಾಗುವುದರಿಂದ ಹೆಸರನ್ನು ನಂಬದೆ ಮಾದರಿ ಸಂಖ್ಯೆಯನ್ನೇ ನಂಬಬೇಕು.

ಮಾತು ಹೋಗುವ ದಾರಿ ಬದಲಾಗಿದೆ

ಬ್ಯಾಂಡ್ ಕೂಡಿದರೂ ಮಾತು ಹೊರಡದಿರುವುದುಂಟು. ಇದು ಇತ್ತೀಚಿನ ತೊಡಕು. ಹತ್ತು ವರ್ಷಗಳ ಹಿಂದೆ ಹೋಗಿಬಂದವರ ಅನುಭವ ಇಲ್ಲಿ ನೆರವಿಗೆ ಬಾರದು. ಹಿಂದೆ 4ಜಿ ಎಂಬುದು ಮಾಹಿತಿಗೆ ಮಾತ್ರ ಮೀಸಲಾಗಿತ್ತು. ಕರೆ ಬಂದೊಡನೆ ಫೋನು ತಾನಾಗಿಯೇ 3ಜಿ ಅಥವಾ 2ಜಿ ಜಾಲಕ್ಕೆ ಇಳಿದು ಮಾತನ್ನು ಸಾಗಿಸುತ್ತಿತ್ತು. ಈಗ ಹಲವು ದೇಶಗಳಲ್ಲಿ ಆ ಹಳೆಯ ಜಾಲಗಳೇ ಇಲ್ಲ. ಅಮೆರಿಕದ ಮೂರು ದೊಡ್ಡ ಸಂಸ್ಥೆಗಳು 2022ರಲ್ಲಿ 3ಜಿಯನ್ನು ಮುಚ್ಚಿದವು. ಸಿಂಗಪುರವು 2017ರಲ್ಲಿ 2ಜಿಯನ್ನು ನಿಲ್ಲಿಸಿ, 2024ರ ಜುಲೈ ಕೊನೆಯಿಂದ 3ಜಿಯನ್ನೂ ಕೊನೆಗೊಳಿಸಲು ತೊಡಗಿತು. ಆಸ್ಟ್ರೇಲಿಯದಲ್ಲಿ 3ಜಿ 2024ರಲ್ಲಿ ಅಂತ್ಯಗೊಂಡಿತು.

ಇಂತಹ ದೇಶಗಳಲ್ಲಿ ಮಾತು 4ಜಿಯ ಮೇಲೆಯೇ ಸಾಗಬೇಕು. ಅದಕ್ಕೆ ವೋಲ್ಟಿ ಎಂಬ ವ್ಯವಸ್ಥೆ ಇದೆ. ನಮ್ಮಲ್ಲಿ 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾದಂದಿನಿಂದ ಈ ಹೆಸರು ಮನೆಮಾತಾಗಿದೆ. ಆ ಜಾಲಕ್ಕೆ ಹಳೆಯ 2ಜಿ, 3ಜಿಗಳ ಆಸರೆಯೇ ಇರಲಿಲ್ಲ. ವೋಲ್ಟಿ ಕೆಲಸ ಮಾಡಬೇಕಾದರೆ ಫೋನು ಆ ಸೇವಾಸಂಸ್ಥೆಯನ್ನು ಗುರುತಿಸಿ ಅದಕ್ಕೆ ತಕ್ಕ ಹೊಂದಿಕೆಯ ಕಡತವನ್ನು ತನ್ನಲ್ಲಿ ಇಟ್ಟುಕೊಂಡಿರಬೇಕು. ಗುರುತಿಸುವುದು ಸಿಮ್ಮಿನಲ್ಲಿ ಅಡಕವಾಗಿರುವ ಸಂಕೇತ ಸಂಖ್ಯೆಯಿಂದ. ಭಾರತಕ್ಕೆ 404 ಮತ್ತು 405, ಅರಬ್ ಸಂಸ್ಥಾನಗಳಿಗೆ 424, ಸಿಂಗಪುರಕ್ಕೆ 525 ಎಂಬ ದೇಶಸಂಕೇತಗಳಿವೆ. ಕರ್ನಾಟಕದ ಏರ್‌ಟೆಲ್ ಸಿಮ್ಮು 404–45 ಎಂದೂ, ಗಂಗಾಪುರ ಸೇರಿರುವ ಮಹಾರಾಷ್ಟ್ರ ವಲಯದ ಏರ್‌ಟೆಲ್ ಸಿಮ್ಮು 404–90 ಎಂದೂ ತನ್ನನ್ನು ಪರಿಚಯಿಸಿಕೊಳ್ಳುತ್ತದೆ. ಅಪರಿಚಿತ ಸಂಕೇತ ಎದುರಾದಾಗ ಕೆಲವು ಫೋನುಗಳು ವೋಲ್ಟಿಯನ್ನು ಆರಂಭಿಸುವುದೇ ಇಲ್ಲ. ಅಂತರಜಾಲ ಸರಾಗವಾಗಿ ನಡೆಯುತ್ತಿದ್ದು ಸಾಮಾನ್ಯ ಕರೆ ಮಾತ್ರ ಬೀಳುತ್ತಿದ್ದರೆ ಕಾರಣ ಬಹುತೇಕ ಇದೇ. ಫೋನಿನ ತಂತ್ರಾಂಶವನ್ನು ಹೊಸದಾಗಿಸಿಕೊಂಡರೆ ಕೆಲವೊಮ್ಮೆ ಸರಿಹೋಗುತ್ತದೆ. ಆದರೆ ಅಮೆರಿಕದ ಎಟಿ ಅಂಡ್ ಟಿ ಸಂಸ್ಥೆಯಂತೆ ತಾನು ಒಪ್ಪಿದ ಮಾದರಿಗಳ ಪಟ್ಟಿಯನ್ನೇ ಇಟ್ಟುಕೊಂಡಿರುವ ಕಡೆ, ಪಟ್ಟಿಯಲ್ಲಿಲ್ಲದ ಫೋನಿಗೆ ಬೇರೆ ಸಂಸ್ಥೆಯ ಸಿಮ್ಮನ್ನು ಆರಿಸಿಕೊಳ್ಳುವುದೊಂದೇ ಉಪಾಯ. ಆಸ್ಟ್ರೇಲಿಯದ ನಿಯಮ ಇನ್ನೂ ಬಿಗಿಯಾದುದು. ಅಲ್ಲಿಯ ತುರ್ತು ಸಂಖ್ಯೆಯಾದ 000ಗೆ 4ಜಿಯ ಮೇಲೆ ಕರೆ ಮಾಡಲಾಗದ ಫೋನನ್ನು ಸೇವಾಸಂಸ್ಥೆಗಳು ತಮ್ಮ ಜಾಲದಿಂದ ಹೊರಗಿಡಬೇಕು. ಮೇಲುನೋಟಕ್ಕೆ ಇದು ಕಠಿಣವೆನಿಸಬಹುದು. ಆದರೆ ಬೆಂಕಿ ಬಿದ್ದಾಗ ಮೂಕವಾಗುವ ಫೋನನ್ನು ಕೈಯಲ್ಲಿ ಹಿಡಿದಿರುವುದಕ್ಕಿಂತ ಮೊದಲ ದಿನವೇ ವಿಷಯ ತಿಳಿಯುವುದು ಲೇಸು.

ಹೊರಡುವ ಮುನ್ನ

*#06# ಎಂದು ಒತ್ತಿದರೆ ಐಎಂಇಐ ಸಂಖ್ಯೆ ಪರದೆಯ ಮೇಲೆ ಮೂಡುತ್ತದೆ. ಎರಡು ಸಿಮ್‌ಗಳ ಫೋನಿನಲ್ಲಿ ಎರಡು ಸಂಖ್ಯೆಗಳಿರುತ್ತವೆ. ಇವನ್ನು ಕಾಗದದ ಮೇಲೆ ಬರೆದು ಒಂದು ಪ್ರತಿಯನ್ನು ಮನೆಯಲ್ಲಿ ಬಿಟ್ಟಿರಬೇಕು. ಹಳೆಯ ಫೋನನ್ನು ಕೊಂಡಿದ್ದರೆ, ಕೆವೈಎಂ ಎಂದು ಆಂಗ್ಲ ಅಕ್ಷರಗಳಲ್ಲಿ ಬರೆದು, ಸ್ಥಳ ಬಿಟ್ಟು ಐಎಂಇಐಯನ್ನು ಸೇರಿಸಿ 14422 ಸಂಖ್ಯೆಗೆ ಕಿರುಸಂದೇಶ ಕಳುಹಿಸಿದರೆ ಅದು ನಿರ್ಬಂಧಿತ ಫೋನೇ ಎಂಬುದು ತಿಳಿಯುತ್ತದೆ. 2023ರ ಮೇ ತಿಂಗಳಿನಲ್ಲಿ ದೂರಸಂಪರ್ಕ ಇಲಾಖೆ ಆರಂಭಿಸಿದ ಸಂಚಾರ ಸಾಥಿ ಜಾಲತಾಣದಲ್ಲಿಯೂ ಈ ಸೌಲಭ್ಯವಿದೆ. ಫೋನು ಕಳೆದುಹೋದರೆ ಭಾರತದ ಜಾಲಗಳಲ್ಲಿ ಅದನ್ನು ತಡೆಹಿಡಿಯಲು ಅರ್ಜಿ ಸಲ್ಲಿಸುವುದೂ ಅಲ್ಲಿಯೇ.

ಭಾರತದ ಸಿಮ್ಮನ್ನು ಏನು ಮಾಡಬೇಕೆಂಬುದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಅನೇಕರು ಹೊಸ ಸಿಮ್ ಬಂದೊಡನೆ ಹಳೆಯದನ್ನು ತೆಗೆದು ಎಲ್ಲಿಯೋ ಇಟ್ಟುಬಿಡುತ್ತಾರೆ, ಅಥವಾ ಜೊತೆಯವನಿಗೆ ಕೊಟ್ಟುಬಿಡುತ್ತಾರೆ. ಎರಡೂ ಅಪಾಯಕರ. ಬ್ಯಾಂಕಿನ ಖಾತೆ, ಆಧಾರ್, ಪಿಂಚಣಿ ನಿಧಿ ಎಲ್ಲದರ ಗುಪ್ತಸಂಖ್ಯೆಯ ಸಂದೇಶಗಳು ಬರುವುದು ಆ ಸಂಖ್ಯೆಗೆ. ಮನೆಗೆ ಹಣ ಕಳುಹಿಸಲು ಹೊರಟಾಗ ಸಂದೇಶ ಬಾರದೆ ವ್ಯವಹಾರ ನಿಂತುಹೋದರೆ, ಅದನ್ನು ಸರಿಪಡಿಸಲು ಊರಿಗೇ ಬರಬೇಕಾಗುತ್ತದೆ. ಸಿಮ್ಮನ್ನು ಬಳಸದೆ 90 ದಿನಗಳು ಕಳೆದರೆ ಸಂಸ್ಥೆಯು ಅದನ್ನು ರದ್ದುಪಡಿಸಲು ನಿಯಮದಲ್ಲಿ ಅವಕಾಶವಿದೆ. ಮುಂಗಡ ಪಾವತಿಯ ಖಾತೆಯಲ್ಲಿ ಕನಿಷ್ಠ 20 ರೂಪಾಯಿ ಉಳಿದಿದ್ದರೆ ಅದನ್ನು ಕಡಿತಮಾಡಿಕೊಂಡು 30 ದಿನಗಳಷ್ಟು ವಿಸ್ತರಿಸುವ ಏರ್ಪಾಡೂ ಇದೆ. ರದ್ದಾದ ಸಂಖ್ಯೆ ಕೆಲಕಾಲದ ಮೇಲೆ ಬೇರೊಬ್ಬರ ಪಾಲಾಗುತ್ತದೆ. ಸಂದೇಶಸೇವೆಯ ತಂತ್ರಾಂಶಗಳು ನೋಂದಾಯಿತ ಸಿಮ್ ಇರುವ ಫೋನಿನಲ್ಲಿ ಮಾತ್ರ ನಡೆಯಬೇಕೆಂದು ದೂರಸಂಪರ್ಕ ಇಲಾಖೆ 2025ರ ನವೆಂಬರಿನಲ್ಲಿ ನಿರ್ದೇಶನ ನೀಡಿದುದನ್ನೂ ಇಲ್ಲಿ ನೆನೆಯಬೇಕು. ಆದಕಾರಣ ಭಾರತದ ಸಿಮ್ಮನ್ನು ಫೋನಿನ ಎರಡನೆಯ ಸ್ಥಾನದಲ್ಲಿಯೇ ಉಳಿಸಿಕೊಂಡು, ಹೊರಡುವ ಮುನ್ನ ಅಂತರರಾಷ್ಟ್ರೀಯ ರೋಮಿಂಗ್ ಸೌಲಭ್ಯವನ್ನು ಕೇಳಿ ಪಡೆದು, ವಿದೇಶದಲ್ಲಿ ಅದರ ಡೇಟಾ ರೋಮಿಂಗ್ ಮಾತ್ರ ಮುಚ್ಚಿಡುವುದು ಉತ್ತಮ ಮಾರ್ಗ. ಸಂದೇಶಗಳು ಬರುತ್ತವೆ, ಅರಿವಿಲ್ಲದೆ ಸಾವಿರಾರು ರೂಪಾಯಿಗಳ ಬಿಲ್ಲು ಏರುವುದಿಲ್ಲ.

ಫೋನಿನಲ್ಲಿರುವ ಹೆಸರುಗಳ ಪಟ್ಟಿಯನ್ನು ತಿದ್ದಿಕೊಳ್ಳುವುದೂ ಅವಶ್ಯ. ಊರಿನಲ್ಲಿ ಹತ್ತು ಅಂಕಿಗಳು ಸಾಕು; ಕಡಲಾಚೆಯಿಂದ +91 ಸೇರಿಸದಿದ್ದರೆ ಕರೆ ಎಲ್ಲಿಗೋ ಹೋಗುತ್ತದೆ. ಸ್ಥಿರ ದೂರವಾಣಿಯಾದರೆ ಊರಿನ ಸಂಕೇತದ ಮೊದಲ ಸೊನ್ನೆಯನ್ನು ಬಿಡಬೇಕು: ಸಂಭಾಜಿನಗರದ 0240 ಎಂಬುದು +91 240 ಆಗುತ್ತದೆ, ನಾಸಿಕದ 0253 ಎಂಬುದು +91 253. ಹೀಗೆ ಬರೆದಿಟ್ಟ ಸಂಖ್ಯೆ ಊರಿನಲ್ಲಿಯೂ ಕೆಲಸ ಮಾಡುತ್ತದೆ.

ಸಿಮ್ ಹಾಕಿದ ಮೇಲೆ

ಹೊಸ ಸಿಮ್ಮನ್ನು ಸ್ವಂತ ಹೆಸರಿನಲ್ಲಿ, ಸ್ವಂತ ಗುರುತುಪತ್ರದ ಮೇಲೆ, ಸಂಸ್ಥೆಯ ಅಧಿಕೃತ ಮಳಿಗೆಯಲ್ಲಿಯೇ ಪಡೆಯತಕ್ಕದ್ದು. ಮಧ್ಯವರ್ತಿ ತಂದುಕೊಡುವ ಬೇರೊಬ್ಬರ ಹೆಸರಿನ ಸಿಮ್ಮು ಎಷ್ಟು ಅಗ್ಗವಾದರೂ ಬೇಡ. ಅದೇ ರೀತಿ ತನ್ನ ಹೆಸರಿನ ಭಾರತೀಯ ಸಿಮ್ಮನ್ನು ಇನ್ನೊಬ್ಬರ ಕೈಗೆ ಕೊಡಬಾರದು; ಅದರಿಂದ ನಡೆದ ವಂಚನೆಯ ತನಿಖೆ ಬಂದು ನಿಲ್ಲುವುದು ಸಿಮ್ಮಿನ ಒಡೆಯನ ಮನೆಯ ಬಾಗಿಲಿಗೆ.

ಸಿಮ್ ಹಾಕಿ ಫೋನನ್ನು ಒಮ್ಮೆ ಆರಿಸಿ ಹೊತ್ತಿಸಿದರೆ ಸಾಮಾನ್ಯವಾಗಿ ಜಾಲವು ತಾನಾಗಿಯೇ ದೊರೆಯುತ್ತದೆ. ದೊರೆಯದಿದ್ದಾಗ ಗಾಬರಿಯಾಗಿ ಎಲ್ಲವನ್ನೂ ಒಮ್ಮೆಗೇ ಬದಲಿಸಲು ಹೋಗದೆ, ವೈದ್ಯನು ನಾಡಿ ನೋಡುವಂತೆ ಲಕ್ಷಣವನ್ನು ಮೊದಲು ಓದಬೇಕು.

ಸಿಮ್ ಸಲ್ಲದೆಂಬ ಅಥವಾ ಸಂಕೇತಪದ ಬೇಕೆಂಬ ಸೂಚನೆ ಬಂದರೆ ಅದು ಬೀಗದ ಲಕ್ಷಣ. ಸಿಮ್ ಸರಿಯಿದ್ದು ಸಂಕೇತದ ಗೆರೆಗಳೇ ಇಲ್ಲದಿದ್ದರೆ, ಜಾಲದ ಆಯ್ಕೆಯನ್ನು ಸ್ವಯಂಚಾಲಿತಕ್ಕೆ ತಂದು, 4ಜಿ ಮತ್ತು ಅದಕ್ಕೂ ಹಿಂದಿನ ಎಲ್ಲ ವಿಧಗಳಿಗೂ ಅವಕಾಶವಿರುವಂತೆ ಮಾಡಿ, ಕೆಲವು ನಿಮಿಷ ಕಾಯಬೇಕು. ಆಗಲೂ ಇಲ್ಲವಾದರೆ ಅದೇ ಸಿಮ್ಮನ್ನು ಸ್ಥಳೀಯನೊಬ್ಬನ ಫೋನಿಗೆ ಹಾಕಿ ನೋಡಬೇಕು. ಅಲ್ಲಿ ನಡೆದರೆ ದೋಷ ಫೋನಿನ ಬ್ಯಾಂಡಿನದು, ನಡೆಯದಿದ್ದರೆ ಸಿಮ್ಮಿನದು. ಈ ಒಂದು ಪರೀಕ್ಷೆಯಿಂದ ಅರ್ಧ ದಿನದ ಅಲೆದಾಟ ಉಳಿಯುತ್ತದೆ.

ಗೆರೆಗಳಿದ್ದು, ಕರೆಯೂ ಹೋಗುತ್ತಿದ್ದು, ಅಂತರಜಾಲ ಮಾತ್ರ ತೆರೆಯದಿದ್ದರೆ ಎಪಿಎನ್ ಎಂಬ ಹೊಂದಿಕೆಯನ್ನು ನೋಡಬೇಕು. ಮೊಬೈಲ್ ಜಾಲದಿಂದ ಅಂತರಜಾಲಕ್ಕೆ ಹಾಯುವ ಬಾಗಿಲಿನ ಹೆಸರು ಅದು. ಪ್ರತಿಯೊಂದು ಸಂಸ್ಥೆಗೂ ಅದರದೇ ಬಾಗಿಲು. ಜಿಯೋಗೆ ‘ಜಿಯೋನೆಟ್’, ಭಾರತ ಸಂಚಾರ ನಿಗಮಕ್ಕೆ ‘ಬಿಎಸ್‌ಎನ್‌ಎಲ್‌ನೆಟ್’ ಇರುವಂತೆ, ಎತಿಸಲಾತ್ ಸಂಸ್ಥೆಗೆ ‘ಎತಿಸಲಾತ್ ಚುಕ್ಕೆ ಎಇ’ ಎಂದೂ, ಡು ಸಂಸ್ಥೆಗೆ ಬರಿಯ ‘ಡು’ ಎಂದೂ ಇದೆ. ಮೊಬೈಲ್ ಜಾಲದ ಹೊಂದಿಕೆಗಳ ಪುಟದಲ್ಲಿ ಎಪಿಎನ್ ಎಂಬಲ್ಲಿ ಹೊಸದನ್ನು ಸೇರಿಸಿ, ಸಂಸ್ಥೆ ಕೊಟ್ಟ ಹೆಸರನ್ನು ಆಂಗ್ಲದ ಸಣ್ಣ ಅಕ್ಷರಗಳಲ್ಲಿ ಒಂದು ಅಕ್ಷರವೂ ತಪ್ಪದಂತೆ ಬರೆದು, ಉಳಿಸಿ, ಅದನ್ನೇ ಆಯ್ಕೆಮಾಡಬೇಕು. ಬರೆದು ಉಳಿಸಿದ ಮೇಲೆ ಆಯ್ಕೆ ಮಾಡುವುದನ್ನೇ ಮರೆಯುವವರು ಹೆಚ್ಚು. ಇತರ ಖಾನೆಗಳನ್ನು ಸಂಸ್ಥೆ ಹೇಳದ ಹೊರತು ಮುಟ್ಟುವ ಅಗತ್ಯವಿಲ್ಲ.

ಅಂತರಜಾಲವಿದ್ದು ಕರೆ ಇಲ್ಲದಿರುವ ಸ್ಥಿತಿಯನ್ನು ಮೇಲೆಯೇ ವಿವರಿಸಿದೆ. ಇನ್ನೊಂದು ವಿಧ, ಕೆಲವು ವಾರ ಅಥವಾ ತಿಂಗಳು ಚೆನ್ನಾಗಿ ನಡೆದು ಒಂದು ಬೆಳಿಗ್ಗೆ ಎಲ್ಲವೂ ನಿಂತುಹೋಗುವುದು. ಇದು ಯಂತ್ರದ ದೋಷವಲ್ಲ, ಕಾಗದಪತ್ರದ್ದು. ತುರ್ಕಿಯಲ್ಲಿ ಹೊರದೇಶದ ಫೋನು ಸ್ಥಳೀಯ ಸಿಮ್ಮಿನೊಡನೆ 120 ದಿನ ಮಾತ್ರ ನಡೆಯುತ್ತದೆ. ಬಳಿಕ ಐಎಂಇಐ ನೋಂದಣಿ ಮಾಡಿಸಬೇಕು. ಇಂಡೊನೇಷ್ಯಾದಲ್ಲಿಯೂ ಸ್ಥಳೀಯ ಸಿಮ್ಮಿಗೆ ಇಂತಹ ನೋಂದಣಿ ಬೇಕು. ಅರಬ್ ಸಂಸ್ಥಾನಗಳಲ್ಲಿ ಸಿಮ್ಮು ನಿವಾಸಿಯ ಗುರುತಿನ ಚೀಟಿಗೆ ಜೋಡಣೆಯಾಗಿದ್ದು, ಚೀಟಿಯ ಅವಧಿ ಮುಗಿದು ನವೀಕರಣದ ವಿವರ ಸಲ್ಲಿಸದಿದ್ದರೆ ಸೇವೆ ನಿಲ್ಲುತ್ತದೆ. ಅಂತಹ ಸಂದರ್ಭದಲ್ಲಿ ಫೋನನ್ನು ದುರಸ್ತಿಗೆ ಕೊಟ್ಟು ಹಣ ಕಳೆದುಕೊಳ್ಳುವುದು ವ್ಯರ್ಥ.

ಅಂತರಜಾಲದ ಮೂಲಕ ಮಾತನಾಡುವ ವಿಚಾರದಲ್ಲಿಯೂ ಆಯಾ ದೇಶದ ಕಾನೂನು ಬೇರೆ. ಅರಬ್ ಸಂಸ್ಥಾನಗಳಲ್ಲಿ ಅನುಮತಿ ಪಡೆದ ತಂತ್ರಾಂಶಗಳಲ್ಲಿ ಮಾತ್ರ ಇಂತಹ ಕರೆಗೆ ಅವಕಾಶ. ಊರಿನಲ್ಲಿ ದಿನವೂ ಬಳಸುತ್ತಿದ್ದ ತಂತ್ರಾಂಶದಲ್ಲಿ ಸಂದೇಶ ಹೋಗಿ ಕರೆ ಹೋಗದಿದ್ದರೆ ಅದು ಹೊಂದಿಕೆಯ ತಪ್ಪೆಂದು ಭಾವಿಸಬೇಕಾಗಿಲ್ಲ. ಅದನ್ನು ದಾಟಲು ಕಳ್ಳದಾರಿ ಹುಡುಕುವುದು ಅಲ್ಲಿ ಶಿಕ್ಷಾರ್ಹ. ವಾಳೂಜಿನಲ್ಲಿರುವ ತಾಯಿಯ ಫೋನಿನಲ್ಲಿಯೂ ಅನುಮತಿಯಿರುವ ತಂತ್ರಾಂಶವನ್ನು ಮೊದಲೇ ಅಳವಡಿಸಿ, ಒಮ್ಮೆ ಕರೆ ಸ್ವೀಕರಿಸುವುದನ್ನು ಕಲಿಸಿ ಹೊರಡುವುದು ಮಗನ ಕೆಲಸ. ದುಬೈಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದಿರುವುದನ್ನೂ ಆಕೆಗೆ ತಿಳಿಸಿರಬೇಕು. ರಾತ್ರಿ ಪಾಳಿ ಮುಗಿಸಿ ಮಲಗಿದವನ ಫೋನು ಮೊಳಗಿ ಉತ್ತರವಿಲ್ಲದಾದಾಗ ಇಲ್ಲಿ ಆತಂಕ ಹುಟ್ಟುವುದು ಇಂತಹ ಸಣ್ಣ ಕಾರಣಗಳಿಂದಲೇ.

ಹೊರಗಿನಿಂದ ಬಂದ ಫೋನು

ಹಿಂದಿರುಗುವಾಗ ತಾಯಿಗೆಂದೋ ತಂಗಿಗೆಂದೋ ಫೋನು ತರುವ ರೂಢಿ ಕೊಲ್ಲಿ ದೇಶಗಳಿಗೆ ಹೋದವರಲ್ಲಿ ಬಹಳ ಹಳೆಯದು. ಆಗ ಗಂಗಾಪುರದ ಜಾಲವೇ ಆ ಫೋನಿಗೆ ಪರದೇಶವಾಗುತ್ತದೆ. ಮೇಲೆ ಹೇಳಿದುದೆಲ್ಲ ತಿರುಗುಮುರುಗಾಗಿ ಅನ್ವಯಿಸುತ್ತದೆಯಾದ್ದರಿಂದ ಅದನ್ನು ಮತ್ತೆ ವಿವರಿಸಬೇಕಾಗಿಲ್ಲ. ಒಂದೆರಡು ವಿಶೇಷಗಳಷ್ಟೇ ಇವೆ. ಅಮೆರಿಕದಲ್ಲಿ 2022ರಿಂದ ಮಾರಾಟವಾಗುತ್ತಿರುವ ಹೊಸ ಐಫೋನುಗಳಲ್ಲಿ ಸಿಮ್ ಇಡುವ ತಟ್ಟೆಯೇ ಇಲ್ಲ. 2025ರ ಐಫೋನ್ 17ರಲ್ಲಿ ಸೌದಿ ಅರೇಬಿಯ, ಕುವೈತ್, ಕತಾರ್, ಒಮಾನ್, ಬಹರೈನ್ ಹಾಗೂ ಅರಬ್ ಸಂಸ್ಥಾನಗಳ ಮಾದರಿಗಳೂ ಹಾಗೆಯೇ. ಇವುಗಳಿಗೆ ಇ-ಸಿಮ್ ಎಂಬ ತಂತ್ರಾಂಶ ರೂಪದ ಸಿಮ್ಮನ್ನೇ ಬಳಸಬೇಕು. ತಾಯಿಯ ಹಳೆಯ ಫೋನಿನಿಂದ ಸಿಮ್ ತೆಗೆದು ಹೊಸದಕ್ಕೆ ಹಾಕುತ್ತೇನೆಂದು ಹೊರಟವನು ತಟ್ಟೆಯನ್ನು ಹುಡುಕುತ್ತ ಕುಳಿತುಕೊಳ್ಳಬೇಕಾದೀತು. ಇದಕ್ಕೆ ವಿರುದ್ಧವಾಗಿ ಚೀನದಲ್ಲಿ ಮಾರಾಟವಾಗುವ ಎರಡು ಸಿಮ್‌ಗಳ ಐಫೋನುಗಳಲ್ಲಿ ಇ-ಸಿಮ್ ಇಲ್ಲ.

ಭಾರತದಲ್ಲಿ ಸಾಮಾನ್ಯ ಸಿಮ್ಮನ್ನು ಇ-ಸಿಮ್ಮಾಗಿ ಬದಲಿಸುವ ಕೋರಿಕೆಯನ್ನು ಚಂದಾದಾರನೇ ತನ್ನ ಸಂಖ್ಯೆಯಿಂದ ಸಲ್ಲಿಸಬೇಕು. ಈ ನೆಪದಲ್ಲಿ ಕರೆ ಮಾಡಿ ಗುಪ್ತಸಂಖ್ಯೆಯನ್ನು ಕೇಳುವ ವಂಚಕರಿದ್ದಾರೆ. ಸಂಖ್ಯೆ ಅವರ ಫೋನಿಗೆ ವರ್ಗವಾದೊಡನೆ ಬ್ಯಾಂಕಿನ ಸಂದೇಶಗಳೂ ಅಲ್ಲಿಗೇ ಹೋಗುತ್ತವೆ. ಫೋನು ಏಕಾಏಕಿ ಸಂಕೇತ ಕಳೆದುಕೊಂಡು ಗಂಟೆಗಟ್ಟಲೆ ಹಿಂದಿರುಗದಿದ್ದರೆ ನೆರೆಯವರ ಫೋನಿನಿಂದ ಸೇವಾಸಂಸ್ಥೆಗೂ ಬ್ಯಾಂಕಿಗೂ ತಿಳಿಸಿ, ಹಣ ಹೋಗಿದ್ದರೆ 1930 ಸಂಖ್ಯೆಗೆ ಕೂಡಲೇ ದೂರು ಕೊಡಬೇಕು. ವಿದೇಶದ ಸಿಮ್ಮಿನ ವಿಷಯದಲ್ಲಾದರೆ, ದೇಶವನ್ನು ಬಿಡುವ ಮೊದಲು ಸಂಸ್ಥೆಯ ಮಳಿಗೆಗೆ ಹೋಗಿ ಬಾಕಿ ತೀರಿಸಿ, ಸಂಪರ್ಕವನ್ನು ರದ್ದುಪಡಿಸಿದ ಬಗ್ಗೆ ಬರಹದ ರಸೀದಿಯನ್ನು ಪಡೆದು, ಅದನ್ನು ಪಾಸ್‌ಪೋರ್ಟಿನೊಡನೆ ಇಟ್ಟುಕೊಂಡು ಬರತಕ್ಕದ್ದು.